ಒಪ್ಪತ್ತು

ಊರಿಗೆ ಬಂದು ತಿಂಗಳಾಗುತ್ತ ಬಂದರೂ ಚನ್ನೇಶನ ಕಾಲಿಗೆ ಬಟವಾಡಿಯ ಬಾಡಿಗೆ ಮನೆಯ ನೆಲ ಇನ್ನೂ ಒಗ್ಗಿರಲಿಲ್ಲ. ಬೆಳಗಿನ ಜಾವ ಅಡುಗೆಮನೆಗೆ ಹೋದರೆ ಕಾಲು ತಾನಾಗಿಯೇ ಅಗಲವಾಗಿ ನಿಲ್ಲುತ್ತಿತ್ತು, ಸೊಂಟ ಕಟ್ಟೆಗೆ ಆತುಕೊಳ್ಳುತ್ತಿತ್ತು, ಒಂದು ಕೈ ಹಿಡಿದುಕೊಳ್ಳಲು ಕಂಬಿಯನ್ನು ಹುಡುಕುತ್ತಿತ್ತು. ನೆಲ ಮಾತ್ರ ಅಲುಗುತ್ತಿರಲಿಲ್ಲ. ಅಲುಗದ ನೆಲದ ಮೇಲೆ ಕಾಲಗಲಿಸಿ ನಿಂತು ಒಗ್ಗರಣೆ ಹಾಕುವ ಗಂಡನನ್ನು ಕಂಡು ಪಲ್ಲವಿ ಮೊದಲ ವಾರ ನಕ್ಕಿದ್ದಳು, ಎರಡನೆಯ ವಾರ ರೇಗಿದ್ದಳು, ಈಗ ಸುಮ್ಮನಿದ್ದಳು. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸುವುದು, ತುಂಬಿದ ಪಾತ್ರೆಯನ್ನು ಸಿಂಕಿನೊಳಗೆ ಇಳಿಸಿಡುವುದು, ಲೋಟಕ್ಕೆ ಅರ್ಧವೇ ಕಾಫಿ ಹಾಕುವುದು, ಇವೆಲ್ಲ ಅವನು ಅಂಡಮಾನಿನ ದೋಣಿಯಲ್ಲಿ ಕಲಿತ ಬುದ್ಧಿ. ಮೀನು ಹಿಡಿಯುವ ಶೋಕಿಯವರನ್ನು ಹತ್ತಿಸಿಕೊಂಡು ವಾರಗಟ್ಟಲೆ ದಡ ಕಾಣದ ಕಡೆ ತಿರುಗುವ ದೋಣಿ ಅದು. ಅದಕ್ಕೆ ಇವನು ಅಡುಗೆಯವನು. ಮಳೆಗಾಲದಲ್ಲಿ ಸಮುದ್ರ ಕೆಟ್ಟು ದೋಣಿ ದಡಕ್ಕೆ ಕಟ್ಟಿದಾಗ ಊರಿಗೆ ಬರುತ್ತಿದ್ದ. ಅರ್ಧ ಲೋಟದ ಕಾಫಿ ಕಂಡು ಮಹಡಿ ಮನೆಯ ಸರಸ್ವತಮ್ಮ, ಏನಪ್ಪಾ, ಹಡಗಿನಲ್ಲಿ ದುಡಿದೂ ಇಷ್ಟು ಜಿಪುಣನಾ ಎಂದು ಕೇಳಿದ್ದು ಬೀದಿಯಲ್ಲೆಲ್ಲ ಹರಡಿತ್ತು.

ಉಪ್ಪಿಟ್ಟು ಚೆನ್ನಾಗಿಯೇ ಆಗಿತ್ತು. ಹಜಾರದಲ್ಲಿ ಅವ್ವ ಗಂಗಾಂಬಿಕೆ ಪೂಜೆ ಮುಗಿಸಿ, ಅಂಗೈ ಮೇಲಿನ ಲಿಂಗವನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಳ್ಳುವುದನ್ನೇ ಕಾದು, ಅವನು ಬಿಸಿ ತಟ್ಟೆ ಹಿಡಿದು ಮುಂದೆ ನಿಂತ. ಅವಳು ತಟ್ಟೆ ನೋಡಲಿಲ್ಲ. 'ಇವತ್ತು ನಂಗೆ ಒಪ್ಪತ್ತು ಕಣಪ್ಪ' ಎಂದಳು. ಶ್ರಾವಣ ಸೋಮವಾರ, ಒಪ್ಪಿಕೊಳ್ಳೋಣ. ಆದರೆ ನಿನ್ನೆ ಭಾನುವಾರವೂ ಒಪ್ಪತ್ತೇ ಆಗಿತ್ತಲ್ಲ. ಗುರುವಾರ ಗುರುಗಳದು, ಶನಿವಾರ ಯಾರದೋ, ಅಮಾವಾಸ್ಯೆ ಇದ್ದೇ ಇತ್ತು. ಹೋದ ವರ್ಷ ಏಕಾದಶಿಯೂ ಬಂದು ಸೇರಿಕೊಂಡಿತ್ತು. ಲಿಂಗವಂತರ ಮನೆಗೆ ಏಕಾದಶಿ ಎಲ್ಲಿಂದ ಬಂತವ್ವ ಎಂದರೆ ಸರಸ್ವತಮ್ಮ ಹೇಳಿದರು ಎಂದು ಮೇಲೆ ಬೆರಳು ತೋರಿಸಿದ್ದಳು. ಒಪ್ಪತ್ತಿನ ಆ ಒಂದು ಊಟ ಯಾವಾಗಲೂ ಸೊಸೆ ಬೇಯಿಸಿದ್ದು, ಇಲ್ಲವೇ ನೆಂಟರ ಮನೆಯದು, ಅದೂ ಇಲ್ಲವೆಂದರೆ ಕಡ್ಲೆಪುರಿ ಮತ್ತು ಬೆಲ್ಲ. ಅವನು ದೋಣಿಗೆ ಮರಳಿದ ಮಾರನೆಯ ದಿನವೇ ಈ ವ್ರತಗಳೆಲ್ಲ ಹೇಳಹೆಸರಿಲ್ಲದಂತೆ ನಿಂತುಹೋಗುತ್ತವೆಂದು ಪಲ್ಲವಿ ಒಮ್ಮೆ ಬಾಯಿತಪ್ಪಿ ಅಂದುಬಿಟ್ಟಿದ್ದಳು. ಸಾರಿಗೆ ಹುಳಿ ಎಷ್ಟು, ಹಿಟ್ಟಿಗೆ ನೀರು ಎಷ್ಟು ಎಂದು ಅವನಿಗೆ ಕೈ ಹಿಡಿದು ಕಲಿಸಿದವಳೇ ಅವ್ವ. ಅವಳು ಅವನ ಕೈಯ ಒಂದು ತುತ್ತು ಉಂಡು ಆರು ವರ್ಷವಾಗಿತ್ತು. ಚನ್ನೇಶನಿಗೆ ಈ ಊರಿನಲ್ಲಿ ಬೇಕಾಗಿದ್ದದ್ದು ಅದೊಂದೇ. ದೋಣಿಯಲ್ಲಿ ಜಪಾನಿನವರು, ರಷ್ಯಾದವರು ತಟ್ಟೆ ನೆಕ್ಕಿ ಎದ್ದು ಹೋಗುವಾಗಲೆಲ್ಲ ಅವನಿಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಅಲ್ಲಿ ಎಲ್ಲರಿಗಿಂತ ಮೊದಲು ಏಳುವವನು ಅಡುಗೆಯವನು. ಎಂಜಿನ್ನಿನ ಮಗ್ಗುಲಿಗೇ ಅವನ ಮಲಗುವ ಗೂಡು, ಡೀಸೆಲ್ ವಾಸನೆಯ ದಿಂಬು. ಸಿಹಿನೀರು ತಲೆಗಿಷ್ಟು ಎಂದು ಅಳತೆ. ಪಾತ್ರೆಯನ್ನೆಲ್ಲ ಮೊದಲು ಸಮುದ್ರದ ನೀರಿನಲ್ಲಿ ತೊಳೆದು ಆಮೇಲೆ ಒಂದು ಹಿಡಿ ಸಿಹಿನೀರು ಚಿಮುಕಿಸಬೇಕು. ಆ ಅಳತೆಯಲ್ಲೇ ಒಂದು ಚಮಚ ಉಳಿಸಿಕೊಂಡು, ಬೆನ್ನನ್ನು ಗೋಡೆಗೂ ಪಾದವನ್ನು ಎದುರಿನ ಹಲಗೆಗೂ ಒತ್ತಿ ಕೂತು, ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡುತ್ತಿದ್ದ. ದೋಣಿ ಹೇಗೆ ಹೊರಳಿದರೂ ಆ ಕೈ ಹೊರಳಬಾರದು. ಬೆಂಗಳೂರಿನ ಒಬ್ಬ ಬಿಲ್ಡರು ಅವನ ಕೊರಳಿನ ಕರಡಿಗೆ ನೋಡಿ ಇದೇನು ಜಿಪಿಎಸ್ಸಾ ಎಂದು ಕೇಳಿದ್ದ. ಆ ಬಿಲ್ಡರೇ ಮಂಗಳೂರು ಮೀನುಸಾರು ಮಾಡು ಎಂದು ಮೂರು ದಿನ ಪ್ರಾಣ ತಿಂದದ್ದು. ಕರ್ನಾಟಕದ ಅಡುಗೆಯವನೆಂದರೆ ಮಂಗಳೂರಿನವನೇ ಎಂದು ಕ್ಯಾಪ್ಟನ್ ಫ್ರಾನ್ಸಿಸ್ ಮೊದಲ ದಿನವೇ ತೀರ್ಮಾನಿಸಿ ಇವನನ್ನು ಮ್ಯಾಂಗಲೋರ್ ಎಂದೇ ಕೂಗುತ್ತಿದ್ದ. ಸ್ವಾಮಿ, ನಮ್ಮದು ಗುಬ್ಬಿ, ಅಲ್ಲಿರುವುದು ಕೆರೆ, ಅದರಲ್ಲೂ ಬೇಸಿಗೆಗೆ ನೀರಿರುವುದಿಲ್ಲ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರೆ, ಸರಿ ಮ್ಯಾಂಗಲೋರ್, ಈರುಳ್ಳಿ ಹೆಚ್ಚು ಎನ್ನುತ್ತಿದ್ದ.

ಬೆಳಕು ಹರಿಯುತ್ತಲೇ ಆ ದೊಡ್ಡಮನುಷ್ಯರೆಲ್ಲ ದೋಣಿಯ ಮೂತಿಯ ಮೇಲೆ ನಿಂತು, ಮೊಳದುದ್ದದ ಮರದ ಹುಸಿಮೀನನ್ನು ಬೀಸಿ ಎಸೆಯುವರು, ಸುತ್ತಿ ಎಳೆಯುವರು, ಮತ್ತೆ ಎಸೆಯುವರು. ಹೊಟ್ಟೆಪಾಡಿಗೂ ಇಷ್ಟು ಬೆವರು ಸುರಿಸುವವರನ್ನು ಅವನು ಕಂಡಿರಲಿಲ್ಲ. ಸಂಜೆಯವರೆಗೆ ಹೆಗಲು ಕಳಚುವ ಹಾಗೆ ಎಳೆದು, ಕರುವಿನಷ್ಟು ಭಾರದ ಮೀನನ್ನು ಮೇಲೆತ್ತಿ, ತಬ್ಬಿಕೊಂಡು ಫೋಟೋ ತೆಗೆಸಿಕೊಂಡು, ಬಾಯಿಯ ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಿದ್ದರು. ತಿನ್ನುವುದಾದರೆ ತಿನ್ನಿ, ಬಿಡುವುದಾದರೆ ಹಿಡಿಯಬೇಡಿ ಎಂದು ಇವನಿಗೆ ಒಳಗೊಳಗೇ ರೇಗುತ್ತಿತ್ತು. ಅಡುಗೆಗೆಂದು ದಿನಕ್ಕೊಂದು ಟ್ಯೂನಾ ಮಾತ್ರ ಉಳಿಯುವುದು. ಅದನ್ನು ಕುಯ್ಯುವಾಗ ಚನ್ನೇಶ ಎಡಗೈಗೆ ಮಾತ್ರ ರಬ್ಬರಿನ ಗವಸು ಹಾಕಿಕೊಳ್ಳುತ್ತಿದ್ದ. ಲಿಂಗ ಹಿಡಿಯುವ ಕೈಗೆ ಮೀನು ತಾಗಬಾರದೆಂದು ತಾನೇ ಮಾಡಿಕೊಂಡ ಏರ್ಪಾಡು ಅದು, ಯಾವ ಶಾಸ್ತ್ರದಲ್ಲೂ ಇಲ್ಲ. ಬಲಗೈಯ ಗವಸುಗಳೆಲ್ಲ ಡಬ್ಬಿಯಲ್ಲಿ ರಾಶಿ ಬಿದ್ದು, ಇವನ್ನೇನು ನನ್ನ ತಲೆಗೆ ಹಾಕಿಕೊಳ್ಳಲಾ ಎಂದು ಫ್ರಾನ್ಸಿಸ್ ಬೈಯುತ್ತಿದ್ದ. ಬೆಂದದ್ದನ್ನು ಚನ್ನೇಶ ಬಾಯಿಗೆ ಹಾಕದೆ ಮೂಗಿನಿಂದಲೇ ತಿಳಿಯುತ್ತಿದ್ದ. ಉಪ್ಪು ಖಾರಕ್ಕೆ ಮಾತ್ರ ಪೌಲ್‌ನ ನಾಲಿಗೆ ಬೇಕು. ಗಾಳ ಕಟ್ಟಿ ಹಗ್ಗ ಎಳೆಯುವ ಕೆಲಸದ ಆ ಪೌಲ್ ಒಲೆಯ ಬಳಿ ಬಂದು ಚಮಚ ಚೀಪಿ ಹೆಬ್ಬೆರಳು ಎತ್ತುವನು ಇಲ್ಲವೇ ಇಳಿಸುವನು. ಹಸಿ ಟ್ಯೂನಾ ಹೇಗಿರುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ, ಏನೂ ವಾಸನೆಯಿಲ್ಲ ಭಾಯಿ, ತಣ್ಣನೆಯ ಬೆಣ್ಣೆ ಹಲ್ಲಿಗೆ ಸಿಕ್ಕಿದ ಹಾಗೆ ಎಂದಿದ್ದ. ಅತಿಥಿಗಳು ಕೇಳಿದಾಗ ಚನ್ನೇಶ ಅದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದ. ಅವರು ಮೆಚ್ಚಿ ತಲೆದೂಗುತ್ತಿದ್ದರು.

ಆ ಸೋಮವಾರವೇ ಅವನೂ ಅವ್ವನೂ ಕೂತ ಗುಬ್ಬಿಯ ಬಸ್ಸು ಮಲ್ಲಸಂದ್ರ ದಾಟಿತ್ತು. ಗುಬ್ಬಿಯ ಚಿಕ್ಕಮ್ಮ ಸಿದ್ದಲಕ್ಷ್ಮಮ್ಮನ ಮನೆಯಲ್ಲಿ ಇವತ್ತು ಜಂಗಮರಿಗೆ ಊಟ. ಪಲ್ಲವಿಗೆ ಕ್ಲಿನಿಕ್ಕಿನ ಕೆಲಸವಿದ್ದುದರಿಂದ ತಾಯಿ ಮಗ ಇಬ್ಬರೇ ಹೊರಟಿದ್ದರು. ಮುಂದಿನ ಸೀಟಿನವನೊಬ್ಬ ತಿರುಗಿ ನೋಡಿ, ನೀವು ಕುಣಿಗಲ್ಲಿನವರ ಅಳಿಯ ಅಲ್ಲವಾ, ಹಡಗಿನ ಕ್ಯಾಪ್ಟನ್ ಎಂದ. ಮಾವ ಊರೆಲ್ಲ ಹಾಗೆ ಹೇಳಿಕೊಂಡು ತಿರುಗಿದ್ದರ ಫಲ. ಹೋದ ಮಳೆಗಾಲ ಅಲ್ಲಿಗೆ ಹೋದಾಗ ಭಾವಮೈದುನ ಅವನನ್ನು ಕುಣಿಗಲ್ ದೊಡ್ಡಕೆರೆಯ ಏರಿಗೆ ಕರೆದುಕೊಂಡು ಹೋಗಿ ಕೈಗೆ ಬಿದಿರಿನ ಗಾಳ ಕೊಟ್ಟು, ತೋರಿಸಿ ಭಾವ ಎಂದಿದ್ದ. ಚನ್ನೇಶ ಜನ್ಮದಲ್ಲಿ ಗಾಳ ಹಿಡಿದವನಲ್ಲ, ಹಿಡಿದದ್ದು ಸೌಟು. ಹೇಳಿದರೆ ಯಾರು ಕೇಳುತ್ತಾರೆ? ಏರಿಯ ಮೇಲೆ ಜನ ಸೇರಿದರು, ಮೊಬೈಲು ಹಿಡಿದರು. ಅರ್ಧ ಗಂಟೆ ಕಳೆದು ಗಾಳಕ್ಕೆ ಒಂದು ಹಾಲಿನ ಪ್ಯಾಕೆಟ್ಟಿನ ಕವರು ಸಿಕ್ಕಿಕೊಂಡು ಬಂತು. ಅವತ್ತು ಊಟಕ್ಕೆ ಕೂತಾಗ ಭಾವಮೈದುನ, ಮೀನು ತಿಂದಿಲ್ಲ ಅಂತ ನಮ್ಮ ಹತ್ತಿರವೂ ಸುಳ್ಳಾ ಎಂದು ಕಣ್ಣು ಹೊಡೆದ. ಬಡಿಸುತ್ತಿದ್ದ ಪಲ್ಲವಿ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಇಟ್ಟು, 'ನಮ್ಮನೆಯವ್ರು ತಿಂದಿಲ್ಲ ಅಂದ್ರೆ ತಿಂದಿಲ್ಲ, ಮುಗೀತು' ಎಂದಳು. ಮದುವೆಯಾದಾಗಿನಿಂದ ಒಂದು ಸಲವೂ ಅವಳು ತಾನಾಗಿ ಆ ಪ್ರಶ್ನೆ ಕೇಳಿದವಳಲ್ಲ. ಭೂಮಿಯ ಮೇಲೆ ತನ್ನನ್ನು ನಂಬಿದವಳು ಇವಳೊಬ್ಬಳು ಎಂದು ಅವತ್ತು ಅವನು ಅಂದುಕೊಂಡ.

ಚಿಕ್ಕಮ್ಮನ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬಿಟ್ಟಿತ್ತು. ಅಭ್ಯಾಸಬಲದಿಂದ ಚನ್ನೇಶ ತೋಳು ಮಡಿಸಿ, ಕೈ ತೊಳೆದು, ಕಣಕದ ಉಂಡೆ ಎತ್ತಿಕೊಂಡ. ಈ ಮನೆಯ ಹೋಳಿಗೆ ಮೊದಲೆಲ್ಲ ಅವನೇ ತಟ್ಟುತ್ತಿದ್ದುದು. ಚಿಕ್ಕಮ್ಮ ಬಂದು ಅವನ ಕೈಯಿಂದ ಉಂಡೆಯನ್ನು, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ ನಗುನಗುತ್ತಲೇ ತೆಗೆದುಕೊಂಡಳು. 'ಒಳ್ಗೆ ಸೆಖೆ ಕಣಪ್ಪ. ಆಚೆ ಫ್ಯಾನ್ ಐತೆ, ಅಲ್ಲಿ ಕುಂತ್ಕೋ ಹೋಗು.' ಆ ಉಂಡೆಯನ್ನು ಅವಳು ಮತ್ತೆ ಪಾತ್ರೆಗೆ ಹಾಕಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಳು. ಅವನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು. ಹೊರಗೆ ಫ್ಯಾನಿನ ಕೆಳಗೆ ಚಿಕ್ಕಪ್ಪ ಬೇರೆ ಕಾಯುತ್ತಿದ್ದ, ಮೀನಿನ ತಲೆ ಅಲ್ಲಿ ಯಾರಿಗೆ ಬಿಡುತ್ತಾರೆ, ಕ್ಯಾಪ್ಟನ್ನಿಗೋ ಅಡುಗೆಯವನಿಗೋ ಎಂದು ಕೇಳಲು. ಸುತ್ತ ಇದ್ದವರೆಲ್ಲ ನಕ್ಕರು. ನಗದಿದ್ದರೆ ಇನ್ನೂ ಕೆಡುತ್ತದೆಂದು ಇವನೂ ನಕ್ಕ. ಪಂಕ್ತಿಯಲ್ಲಿ ಅವ್ವ ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ಉಂಡಳು. ಒಪ್ಪತ್ತಿನ ಊಟ, ಉಣ್ಣಲಿ. ಅವಳು ಬೆರಳು ಚೀಪುವುದನ್ನೇ ಎದುರು ಸಾಲಿನಲ್ಲಿ ಕೂತು ನೋಡುತ್ತಿದ್ದ ಅವನಿಗೆ ಹೆತ್ತ ತಾಯಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಎರಡು ವರ್ಷದ ಹಿಂದೆ ಸಮುದ್ರ ಕೆಟ್ಟ ಒಂದು ಸಂಜೆ, ಬಾಣಲೆ ಜಾರಿ ಮೀನುಸಾರಿನ ಹನಿಯೊಂದು ಅವನ ತುಟಿಗೆ ಸಿಡಿದಿತ್ತು. ಓಡಿಹೋಗಿ ಕಂಬಿಯಾಚೆ ಉಗಿದ, ಒಂದು ಇಡೀ ಮಗ್ಗು ಸಿಹಿನೀರು ಸುರಿದು ಬಾಯಿ ತೊಳೆದ. ನೀರು ದಂಡ ಮಾಡಿದ್ದಕ್ಕೆ ಫ್ರಾನ್ಸಿಸ್ ಎಲ್ಲರೆದುರಿಗೆ ತಾಯಿ ಹಿಡಿದು ಬೈದ. ಬೈಗುಳ ಮರೆತುಹೋಗಿದೆ, ಹನಿ ಮರೆತಿಲ್ಲ. ಉಗಿಯುವ ಮೊದಲು ನಾಲಿಗೆ ತುಟಿ ಸವರಿತೋ? ಸವರಿರಬಹುದು. ನಾಲಿಗೆಗೇನು, ಅದು ಯಾರ ಮಾತೂ ಕೇಳುವುದಿಲ್ಲ. ತಿಂದಿಲ್ಲ ಎಂದು ಅವ್ವನಿಗೆ ಹೇಳುವಾಗಲೆಲ್ಲ ಆ ಒಂದು ಹನಿ ಒಳಗೆ ನಿಂತು ದನಿಯನ್ನು ಒಂದು ಕೂದಲೆಳೆಯಷ್ಟು ಅಲುಗಿಸುತ್ತಿತ್ತು. ಆ ಕೂದಲೆಳೆ ಅವ್ವನಿಗೆ ಕೇಳಿಸುತ್ತಿರಬೇಕು.

'ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ' ಎಂದಳು ಅವ್ವ. ವಾಪಸು ಬರುವ ಬಸ್ಸು, ಕಿಟಕಿಯ ಪಕ್ಕದ ಸೀಟು, ಮಡಿಲಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಹೋಳಿಗೆಯ ಪೊಟ್ಟಣ.

'ನಾನು ತಿಂದಿಲ್ಲ ಕಣವ್ವ' ಎಂದ, ಅವಳು ಕೇಳುವ ಮೊದಲೇ.

'ತಿಂದ್ರೆ ತಿಂದೆ ಅನ್ನು. ನಡು ನೀರಾಗೆ ಹೊಟ್ಟೆ ಹಸ್ದಿರ್ತದೆ, ಬಾಯಿ ಕೇಳಿರ್ತದೆ. ನಾನೇನು ನಿನ್ನ ಮನೆಯಿಂದಾಚೆ ತಳ್ತೀನಾ? ಒಪ್ಕೊಂಡೋನಿಗೆ ಶಿವನೇ ಏನೂ ಅನ್ನಲ್ಲ. ಆದ್ರೆ ಹೆತ್ತವ್ವನ ಮುಂದೆ ಸುಳ್ಳು ಹೇಳೋ ಕೈಯ ತುತ್ತು ಹೆಂಗ್ಲಾ ಇಳೀತದೆ ಗಂಟ್ಲಾಗೆ?'

ಅವನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆರು ವರ್ಷ ತಮ್ಮಿಬ್ಬರ ನಡುವೆ ಬಿದ್ದುಕೊಂಡಿದ್ದದ್ದು ಮೀನು ಎಂದು ತಿಳಿದಿದ್ದ. ಹಾಗಾದರೆ ಅದು ಮೀನಲ್ಲ, ತಾನು ಹೇಳಿಕೊಂಡು ಬಂದ ನಿಜ. ಮೈಯೆಲ್ಲ ಉರಿದುಹೋಯಿತು. ಗವಸಿನ ವಿಷಯ ಹೇಳಿದ, ಎಡಗೈಗೆ ಮಾತ್ರ ಎಂದು ಕೈಯೆತ್ತಿ ತೋರಿಸಿದ. ಚಮಚ ಸಿಹಿನೀರು ಹೇಳಿದ, ಪೌಲ್ ಹೇಳಿದ, ಹೆಬ್ಬೆರಳು ಎತ್ತುವುದು ಇಳಿಸುವುದು ಹೇಳಿದ. ತುಟಿಗೆ ಸಿಡಿದ ಹನಿಯ ಬಳಿ ಬಂದು ನಾಲಿಗೆ ತಡವರಿಸಿತು. ಪಕ್ಕದವರು ತಿರುಗಿ ನೋಡುವಷ್ಟು ದನಿ ಏರಿತ್ತು. ಅವ್ವ ಎಲ್ಲವನ್ನೂ ಕೇಳಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು, ಇರುವೆ ತಿಂದವು ಎಂದು ವಿವರಿಸುತ್ತಿದ್ದ ಹುಡುಗನನ್ನು ನೋಡುತ್ತಿದ್ದಂತೆಯೇ ಅವನನ್ನು ನೋಡಿದಳು. 'ನಿಜ ಇಷ್ಟುದ್ದ ಇರಲ್ಲ ಕಣಪ್ಪ' ಎಂದಳು.

ಚಿಕ್ಕದಾಗಿ ಹೇಳಿದರೆ ಮುಚ್ಚಿಡುತ್ತಾನೆ, ಉದ್ದ ಹೇಳಿದರೆ ಕಟ್ಟಿ ಹೇಳುತ್ತಾನೆ, ಅದು ಅವ್ವನ ಲೆಕ್ಕ. ಕಂಡಕ್ಟರು ಚಿಲ್ಲರೆ ಇಲ್ಲವೆಂದು ಯಾರ ಮೇಲೋ ಕೂಗಾಡುತ್ತಿದ್ದ. ಕಿಟಕಿಯ ಗಾಜು ಸಡಿಲವಾಗಿ ಗುಬ್ಬಿಯಿಂದಲೂ ಕಟಕಟ ಎನ್ನುತ್ತಲೇ ಇತ್ತು. ಚನ್ನೇಶನಿಗೆ ಸಾಕಾಗಿಹೋಯಿತು. ಮನೆಯಲ್ಲಿ ಹುರುಳಿಕಾಳು ನೆನೆಸಿಟ್ಟು ಬಂದಿದ್ದ. ರಾತ್ರಿ ಬಸ್ಸಾರು ಮಾಡಿದರೆ ಅದನ್ನೂ ಇವಳು ಉಣ್ಣುವುದಿಲ್ಲ, ನಾಳೆಯೂ ಇಲ್ಲ, ದೋಣಿಗೆ ಹೋಗುವ ದಿನವೂ ಇಲ್ಲ. ಒಂದು ದಿನ ಇವಳು ಹೋಗಿಬಿಡುತ್ತಾಳೆ, ಆಗಲೂ ತಾನು ಶುದ್ಧನಾಗಿಯೇ ಉಳಿದಿರುತ್ತೇನೆ. ಆ ಶುದ್ಧವನ್ನು ಕಟ್ಟಿಕೊಂಡು ಏನು ಮಾಡಲಿ?

'ಹೂಂ' ಎಂದ. 'ತಿಂದೆ.'

ಅವ್ವನ ಭುಜ ಇಳಿಯಿತು. ಕಣ್ಣು ಮುಚ್ಚಿ ಶಿವಶಿವಾ ಎಂದಳು, ಆದರೆ ಆ ಶಿವಶಿವಾದಲ್ಲಿ ದುಃಖ ಇರಲಿಲ್ಲ, ಬಹಳ ಹೊತ್ತು ತಲೆಯ ಮೇಲಿದ್ದ ಕೊಡ ಇಳಿಸಿದವರ ಉಸಿರಿತ್ತು. ಎಷ್ಟು ಸಲ ಎಂದು ಕೇಳಿದಳು. ಒಂದೇ ಸಲ ಎಂದ. ಆಮೇಲೆ ತೀರ ಸಣ್ಣ ದನಿಯಲ್ಲಿ, 'ಹೆಂಗಿತ್ತು?' ಎಂದಳು. ಪೌಲ್‌ನ ನಾಲಿಗೆಯೇ ಅವನ ಬಾಯಿಂದ ಮಾತಾಡಿತು. ಏನೂ ವಾಸನೆಯಿಲ್ಲ, ತಣ್ಣನೆಯ ಬೆಣ್ಣೆ ಹಲ್ಲಿಗೆ ಸಿಕ್ಕಿದ ಹಾಗೆ. ಅವಳು ತಲೆದೂಗಿದಳು. ಸುಳ್ಳಿಗೆ ಒಂದು ಮರುಪ್ರಶ್ನೆಯೂ ಬರಲಿಲ್ಲ. ಅವನ ಮುಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಪೊಟ್ಟಣದ ಪಕ್ಕ ಇಟ್ಟುಕೊಂಡು, ಬಟವಾಡಿ ಬರುವವರೆಗೂ ಬಿಡಲಿಲ್ಲ. ದಾರಿಯಲ್ಲಿ ಸಿದ್ದಲಕ್ಷ್ಮಿಯ ಹೋಳಿಗೆಗೆ ಏಲಕ್ಕಿ ಸಾಲದು ಎಂದು ಆಡಿಕೊಂಡಳು. ಚನ್ನೇಶನಿಗೆ ನಗು ಬಂತು. ಹಗುರವಾಗಿದೆ ಎಂದುಕೊಂಡ, ಹೌದು, ಹಗುರವಾಗಿತ್ತು. ಆದರೆ ಕಳೆದುಹೋದ ವಸ್ತುವಿನ ಜಾಗವೂ ಹಗುರವಾಗಿಯೇ ಇರುತ್ತದೆ ಎಂಬ ಯೋಚನೆ ಬಂತು, ಅದನ್ನು ತಳ್ಳಿಹಾಕಿದ.

ಮನೆಗೆ ಬಂದವಳೇ ಅವ್ವ ಕೈಕಾಲು ತೊಳೆದು, ಅವನನ್ನು ದೇವರ ಮುಂದೆ ಕೂರಿಸಿ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು, ನಾಲಿಗೆಯ ಮೇಲೆ ಒಂದು ಚಿಟಿಕೆ ಇಟ್ಟಳು. ಆಯಿತು, ಮುಗಿಯಿತು, ಇನ್ನು ಆ ಮಾತಿಲ್ಲ ಎಂದಳು. ಅವನು ಒಲೆ ಹೊತ್ತಿಸಿದ. ಕಾಳು ಬೇಯಿಸಿ ಕಟ್ಟು ಬಸಿದು, ಕಾಯಿ ಮೆಣಸು ಬೆಳ್ಳುಳ್ಳಿ ಹುರಿದು ರುಬ್ಬಿ, ಅವಳು ಕಲಿಸಿದಷ್ಟೇ ಹುಳಿ ಹಿಂಡಿದ. ಚಮಚದಲ್ಲಿ ಎತ್ತಿ ತಾನೇ ರುಚಿ ನೋಡಿದ, ಯಾರ ಹೆಬ್ಬೆರಳೂ ಬೇಕಾಗಲಿಲ್ಲ. ಮುದ್ದೆ ತಿರುವುವಾಗ ಕ್ಲಿನಿಕ್ಕಿನಿಂದ ಪಲ್ಲವಿ ಬಂದಳು. ಅತ್ತೆ ತಟ್ಟೆ ಹಾಕಿಕೊಂಡು ಗೋಡೆಗೆ ಒರಗಿ ಕೂತಿರುವುದನ್ನು ಕಂಡು ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಗುಬ್ಬಿಯಲ್ಲಿ ಒಂದು ಹೊತ್ತು ಉಂಡಾಗಿತ್ತಲ್ಲ ಎಂದು ಅವಳಿಗೂ ಗೊತ್ತಿತ್ತು. 'ಒಪ್ಪತ್ತು ಬುಡು ಅತ್ಲಾಗೆ, ಬಸ್ಸಾರಿನ ವಾಸ್ನೆ ಬಂದ ಮೇಲೆ ಎಂಥಾ ಒಪ್ಪತ್ತು' ಎಂದಳು ಅತ್ತೆ. ಪಲ್ಲವಿಯ ಮುಖ ಅರಳಿತು. ಗಂಡನ ಕಡೆ ತಿರುಗಿ, ಗೆದ್ದಿರಿ ಎನ್ನುವ ಹಾಗೆ ಹುಬ್ಬು ಹಾರಿಸಿ, ಕೈ ತೊಳೆದು ಬಂದು ತಾನೂ ಕೂತಳು.

ಅವ್ವ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದಳು. ಮತ್ತೊಂದು ತುತ್ತು ಮುರಿದಳು. ಚನ್ನೇಶ ಸೌಟು ಹಿಡಿದು ಕಾಲಗಲಿಸಿ ನಿಂತೇ ಇದ್ದ. ಇದಕ್ಕಾಗಿ ಒಂದು ಸುಳ್ಳಲ್ಲ, ಹತ್ತು ಸುಳ್ಳು ಹೇಳಿದರೂ ಸೈ ಅನ್ನಿಸಿತು. ಪಲ್ಲವಿ ಇನ್ನೂ ಉಣ್ಣಲು ಶುರುಮಾಡಿರಲಿಲ್ಲ, ಅತ್ತೆ ಉಣ್ಣುವುದನ್ನೇ ನೋಡುತ್ತ ಬೆರಳಿನಲ್ಲಿ ಮುದ್ದೆ ಸವರುತ್ತಿದ್ದಳು.

'ಒಪ್ಕೊಂಡ ಕಣೇ ನಿನ್ ಗಂಡ' ಎಂದಳು ಅವ್ವ, ಬಾಯಲ್ಲಿ ತುತ್ತಿರುವಾಗಲೇ, ತುಂಬಾ ಪ್ರೀತಿಯಿಂದ. 'ಬಸ್ಸಿನಾಗೇ ಹೇಳ್ದ. ಒಂದೇ ಸಲ ತಿಂದಿದ್ದಂತೆ, ಬೆಣ್ಣೆ ಇದ್ದಂಗಿತ್ತಂತೆ. ನೀನೇನೂ ಅನ್ನಕ್ಕೋಗಬ್ಯಾಡ, ಎಲ್ಲಾ ಸರಿ ಮಾಡಿದೀನಿ.'

ಪಲ್ಲವಿಯ ಬೆರಳು ನಿಂತಿತು. ಅವಳು ತಲೆಯೆತ್ತಿ ಅವನ ಹಣೆಯ ವಿಭೂತಿಯನ್ನು ನೋಡಿದಳು, ಆಮೇಲೆ ಕಣ್ಣನ್ನು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ, ಅವಳು ಎಂದೂ ಪ್ರಶ್ನೆ ಕೇಳಿದವಳಲ್ಲ. ಕುಣಿಗಲ್ಲಿನಲ್ಲಿ ನೆಲಕ್ಕೆ ಕುಕ್ಕಿದ ಪಾತ್ರೆ ಅವನ ಕಣ್ಣ ಮುಂದೆ ಬಂತು. ಒಂದೇ ಮಾತು ಸಾಕು, ಅದು ಸುಳ್ಳು ಕಣೇ. ಅಂದರೆ ಅವ್ವನ ಕೈ ತಟ್ಟೆಯಲ್ಲೇ ನಿಲ್ಲುತ್ತದೆ, ಬಾಯಲ್ಲಿದ್ದದ್ದೂ ಇಳಿಯುವುದಿಲ್ಲ. ಅಷ್ಟಾದರೂ ಪಲ್ಲವಿ ನಂಬುತ್ತಾಳೆಂದು ಏನು ಖಾತ್ರಿ? ಬಸ್ಸಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಹೇಳುವವನನ್ನು ಯಾರು ತಾನೇ ನಂಬಬೇಕು? ಬಾಯಿ ತೆರೆದ. ಅಷ್ಟರಲ್ಲಿ ಅವ್ವ ತಟ್ಟೆ ಮುಂದೆ ಚಾಚಿ, 'ಇನ್ನೊಂಚೂರು ಸಾರು ಬುಡಪ್ಪ' ಎಂದಳು. ಬಗ್ಗಿ ಬಡಿಸಿದ. ಸೌಟಿನಿಂದ ಎರಡು ಹನಿ ನೆಲಕ್ಕೆ ಬಿದ್ದವು.

ಸೌಟು ಹಾಗೆಯೇ ಹಿಡಿದು ಪಲ್ಲವಿಯ ತಟ್ಟೆಯ ಕಡೆ ತಿರುಗಿದ. ಅವಳು ಮುದ್ದೆ ಅಂಟಿದ ಬೆರಳನ್ನು ತಟ್ಟೆಯ ಅಂಚಿಗೆ ಒರೆಸಿದಳು, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿದಳು, ಎದ್ದಳು.

'ನಂಗೆ ಇವತ್ತು ಒಪ್ಪತ್ತು ಅತ್ತೆ' ಎಂದಳು.